ಹಳೇ ಲ್ಯಾಪ್‌ಟಾಪ್‌ನಲ್ಲಿ ಲೆಜೆಂಡ್ ಆಫ್ ಗ್ರಿಮ್‌ರಾಕ್: ಸಿಸ್ಟಮ್ ರಿಕ್ವೈರ್‌ಮೆಂಟ್ ಓದುವುದರಿಂದ ಮೊದಲ ಬಸವನಹುಳು ಹೊಡೆಯುವವರೆಗೆ

"ಮಾಮಾ, ಇದು ಹಳೇ ಕಾಲದ ಗೇಮ್ ತಾನೆ? ನನ್ನದು ಐ7. ಮತ್ಯಾಕೆ ಹೀಗೆ ತಡವರಿಸ್ತಿದೆ?"

ಅಕ್ಕನ ಮಗ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟ. ಸ್ಕ್ರೀನ್ ಮೇಲೆ ಕಲ್ಲಿನ ಓಣಿ, ಎರಡೂ ಕಡೆ ಉರಿಯುವ ಪಂಜು. ಒಂದು ಹೆಜ್ಜೆ ಮುಂದಿಟ್ಟರೆ ಚಿತ್ರ ಅಲ್ಲೇ ನಿಂತು, ಆಮೇಲೆ ತಟ್ಟನೆ ಮುಂದೆ ಹಾರುತ್ತಿತ್ತು. ಪಂಜಿಲ್ಲದ ಕತ್ತಲ ಮೂಲೆಗೆ ತಿರುಗಿಸಿ ನೋಡಿದೆ. ನೀರು ಹರಿದ ಹಾಗೆ ನಡೆಯಿತು. ಮತ್ತೆ ಪಂಜಿನ ಕಡೆ ತಿರುಗಿಸಿದೆ, ಮತ್ತೆ ಅದೇ ಗೋಳು. ಕಾಯಿಲೆ ಎಲ್ಲಿದೆ ಅಂತ ಗೊತ್ತಾಗಲು ಅಷ್ಟು ಸಾಕಾಯಿತು.

ಈ ಮಾರ್ಗದರ್ಶಿ ಅವನಂಥವರಿಗೆ. ಹಳೆಯ ಅಥವಾ ಸಾಧಾರಣ ಕಂಪ್ಯೂಟರ್ ಇದೆ, ಹಳೇ ಶೈಲಿಯ ಡಂಜನ್ ಗೇಮ್ ಆಡಬೇಕು, ಆದರೆ ಗೇಮ್ ಓಡಲು ಕಂಪ್ಯೂಟರಿನಲ್ಲಿ ಏನೇನಿರಬೇಕು ಅಂತ ಹೇಳುವ ಸಿಸ್ಟಮ್ ರಿಕ್ವೈರ್‌ಮೆಂಟ್ ಅನ್ನೋ ಪಟ್ಟಿ ನೋಡಿದರೆ ತಲೆಬುಡ ಅರ್ಥವಾಗುವುದಿಲ್ಲ. ಉದಾಹರಣೆಗೆ ಲೆಜೆಂಡ್ ಆಫ್ ಗ್ರಿಮ್‌ರಾಕ್ ತೆಗೆದುಕೊಂಡಿದ್ದೇನೆ. ಇಲ್ಲಿ ಕಲಿತದ್ದು ಇದೇ ಜಾತಿಯ ಬೇರೆ ಗೇಮ್‌ಗಳಿಗೂ ಬಹುಪಾಲು ಹೊಂದುತ್ತದೆ.

ಹಳೇ ನಡಿಗೆ, ಹೊಸ ಬೆಳಕು

ಗ್ರಿಮ್‌ರಾಕ್ ಬಂದದ್ದು 2012ರ ಏಪ್ರಿಲ್‌ನಲ್ಲಿ. ಮಾಡಿದ್ದು ಫಿನ್‌ಲೆಂಡಿನ ಆಲ್ಮೋಸ್ಟ್ ಹ್ಯೂಮನ್ ಅನ್ನೋ ಪುಟ್ಟ ತಂಡ, ಆಗ ನಾಲ್ಕೇ ಜನ. ಅವರಿಗೆ ಸ್ಫೂರ್ತಿ 1987ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಬಂದ ಡಂಜನ್ ಮಾಸ್ಟರ್, ಆಮೇಲೆ 1991ರ ಐ ಆಫ್ ದಿ ಬಿಹೋಲ್ಡರ್. ಇವುಗಳಲ್ಲಿ ನೆಲವೆಲ್ಲ ಚೌಕ ಚೌಕ. ಚದುರಂಗದ ಮಣೆಯ ಮೇಲೆ ನಡೆದ ಹಾಗೆ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗಬೇಕು. ತಿರುಗಿದರೆ ನೇರ 90 ಡಿಗ್ರಿ, ಓರೆಗೆ ನಡೆಯುವ ಹಾಗೇ ಇಲ್ಲ. ಗ್ರಿಮ್‌ರಾಕ್ ಆ ನಡಿಗೆಯನ್ನು ಹಾಗೇ ಇಟ್ಟುಕೊಂಡಿದೆ.

ಕಥೆ ಸರಳ. ನಾಲ್ಕು ಜನ ಕೈದಿಗಳನ್ನು ಗ್ರಿಮ್‌ರಾಕ್ ಎಂಬ ಬೆಟ್ಟದ ನೆತ್ತಿಯ ಗುಂಡಿಯಿಂದ ಒಳಗೆ ತಳ್ಳುತ್ತಾರೆ. ಜೀವಂತ ಹೊರಗೆ ಬಂದರೆ ಮಾಡಿದ ತಪ್ಪೆಲ್ಲ ಮಾಫಿ. ಬೆಟ್ಟದೊಳಗೆ ಅಂತಸ್ತಿನ ಕೆಳಗೆ ಅಂತಸ್ತು, ಇಳಿಯುತ್ತಾ ಹೋಗಬೇಕು.

ಅಟಾರಿಯ ಡಂಜನ್ ಮಾಸ್ಟರ್ ಒಂದೇ ಫ್ಲಾಪಿಯಲ್ಲಿ ಬರುತ್ತಿತ್ತು, 512 ಕೆಬಿ ಮೆಮೊರಿಯಲ್ಲಿ ಓಡುತ್ತಿತ್ತು. ಅದರ ಗೋಡೆಗಳು ಮೊದಲೇ ಬರೆದಿಟ್ಟ ಚಿತ್ರಗಳು. ಗ್ರಿಮ್‌ರಾಕ್ ಕೇಳುವುದು 2 ಜಿಬಿ, ಅಂದರೆ 4000 ಪಟ್ಟು ಜಾಸ್ತಿ. ಇಲ್ಲಿ ಗೋಡೆ, ಕಂಬ, ಪ್ರಾಣಿ ಎಲ್ಲವೂ ತ್ರೀಡಿ. ಪಂಜು ಅಲುಗಿದರೆ ಕಂಬಿಯ ನೆರಳೂ ಅಲುಗುತ್ತದೆ. ಆ ನೆರಳನ್ನು ನಿಮ್ಮ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹೊಸದಾಗಿ ಲೆಕ್ಕ ಹಾಕುತ್ತಿರುತ್ತದೆ. ಹುಡುಗ ಎಡವಿದ್ದು ಇಲ್ಲೇ. ರೆಟ್ರೋ, ಅಂದರೆ ಹಳೇ ಶೈಲಿ, ಅನ್ನುವುದು ನಡಿಗೆಗೆ ಇಟ್ಟ ಹೆಸರು, ಬೆಳಕಿಗಲ್ಲ.

ಹಂತ 1: ಪಟ್ಟಿ ಓದಿ, ಒಂದು ಸಾಲಿನ ಮೇಲೆ ಬೆರಳಿಡಿ

ಕನಿಷ್ಠ ಅಗತ್ಯ ಅಂತ ಕೊಟ್ಟಿರುವುದು ಇಷ್ಟು. ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಅಥವಾ ನಂತರದ್ದು. ಇಂಟೆಲ್ ಆದರೆ 2 ಗಿಗಾಹರ್ಟ್ಸ್, ಎಎಂಡಿ ಆದರೆ 2.8 ಗಿಗಾಹರ್ಟ್ಸ್ ಡ್ಯುಯಲ್ ಕೋರ್ (ಲೆಕ್ಕ ಮಾಡುವ ಭಾಗ ಎರಡು ಇರುವ) ಪ್ರೊಸೆಸರ್. 2 ಜಿಬಿ ಮೆಮೊರಿ. ಸ್ಕ್ರೀನಿಗೆ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು ಎಟಿಐ ರೇಡಿಯಾನ್ ಎಕ್ಸ್1600 ಅಥವಾ ಎನ್‌ವಿಡಿಯಾ ಜೀಫೋರ್ಸ್ 7600, ಶೇಡರ್ ಮಾಡೆಲ್ (ಬೆಳಕು, ಬಣ್ಣ ಲೆಕ್ಕ ಹಾಕುವ ಸಾಮರ್ಥ್ಯದ ಮಟ್ಟ) 3.0 ಕಡ್ಡಾಯ, 512 ಎಂಬಿ ಗ್ರಾಫಿಕ್ಸ್ ಮೆಮೊರಿ ಇದ್ದರೆ ಒಳ್ಳೆಯದು. ಗೇಮ್‌ಗೂ ಗ್ರಾಫಿಕ್ಸ್‌ಗೂ ನಡುವೆ ಕೆಲಸ ಮಾಡುವ ವಿಂಡೋಸ್‌ನ ತಂತ್ರಾಂಶ ಡೈರೆಕ್ಟ್‌ಎಕ್ಸ್ 9.0ಸಿ. ಡಿಸ್ಕಿನಲ್ಲಿ 1 ಜಿಬಿ ಜಾಗ. ಆರಾಮಾಗಿ ಆಡಲು ಕ್ವಾಡ್ ಕೋರ್ ಪ್ರೊಸೆಸರ್, 4 ಜಿಬಿ ಮೆಮೊರಿ, ಜೀಫೋರ್ಸ್ 8800 ಮಟ್ಟದ ಕಾರ್ಡು.

ಇದರಲ್ಲಿ ಇವತ್ತು ನಿಮ್ಮನ್ನು ಕಾಡುವುದು ಗ್ರಾಫಿಕ್ಸ್ ಸಾಲು ಒಂದೇ. ಉಳಿದವನ್ನು ಬೇಗ ಬೇಗ ನೋಡಿ ಮುಗಿಸೋಣ.

ಪ್ರೊಸೆಸರ್: ಗಿಗಾಹರ್ಟ್ಸ್ ಅಂಕಿ ಮಾತ್ರ ನೋಡಬೇಡಿ. ಅದೇ ಪಟ್ಟಿಯಲ್ಲಿ ಇಂಟೆಲ್‌ಗೆ 2, ಎಎಂಡಿಗೆ 2.8 ಅಂತ ಇದೆಯಲ್ಲ, ಯಾಕೆ? ಒಂದು ಗಡಿಯಾರದ ಬಡಿತದಲ್ಲಿ ಎಷ್ಟು ಕೆಲಸ ಆಗುತ್ತದೆ ಅನ್ನುವುದು ಚಿಪ್‌ನಿಂದ ಚಿಪ್‌ಗೆ ಬೇರೆ. 1.7 ಗಿಗಾಹರ್ಟ್ಸ್‌ನ ನಾಲ್ಕನೇ ತಲೆಮಾರಿನ ಐ3, 2 ಗಿಗಾಹರ್ಟ್ಸ್‌ನ ಹಳೇ ಕೋರ್ 2 ಡ್ಯುಯೊಗಿಂತ ಚುರುಕು. ಹುಷಾರಾಗಿರಬೇಕಾದ್ದು ಆ್ಯಟಮ್ ಚಿಪ್ ಇದ್ದ ಹಳೇ ಪುಟಾಣಿ ನೆಟ್‌ಬುಕ್ ಬಗ್ಗೆ. ಅಂಥ ಕೆಲವು ಚಿಪ್‌ಗಳಲ್ಲಿ ಇರುವುದು ಒಂದೇ ಕೋರ್, ಟಾಸ್ಕ್ ಮ್ಯಾನೇಜರ್ ಮಾತ್ರ ಎರಡು ಗ್ರಾಫ್ ತೋರಿಸುತ್ತದೆ. ಕೋರ್ಸ್ ಅನ್ನೋ ಸಾಲು ಓದಿ, ಲಾಜಿಕಲ್ ಪ್ರೊಸೆಸರ್ಸ್ ಅನ್ನೋದನ್ನಲ್ಲ.

ಮೆಮೊರಿ: 2 ಜಿಬಿ ಅಂದದ್ದು ಎಕ್ಸ್‌ಪಿ ಕಾಲದ ಮಾತು. ವಿಂಡೋಸ್ 10 ಅಥವಾ 11 ಇದ್ದರೆ ಆಪರೇಟಿಂಗ್ ಸಿಸ್ಟಮ್ಮೇ ಅಷ್ಟು ನುಂಗಿಬಿಡುತ್ತದೆ. 4 ಜಿಬಿ ಇದ್ದರೆ ಬ್ರೌಸರ್ ಮುಚ್ಚಿ ಆಡಿ. 8 ಇದ್ದರೆ ಚಿಂತೆಯೇ ಬೇಡ.

ಡಿಸ್ಕು: 1 ಜಿಬಿ. ಈಗಿನ ಕಾಲದಲ್ಲಿ ಮದುವೆ ಮನೆಯ ವಿಡಿಯೊ ಒಂದು ಇದಕ್ಕಿಂತ ದೊಡ್ಡದಿರುತ್ತದೆ.

ಆಪರೇಟಿಂಗ್ ಸಿಸ್ಟಮ್: ಇಲ್ಲೊಂದು ಗುಂಡಿ ಇದೆ. ಗೇಮ್ ಎಕ್ಸ್‌ಪಿಯಲ್ಲಿ ಓಡುತ್ತದೆ ಅಂತ ಬರೆದಿದೆ, ನಿಜ. ಆದರೆ ಅದನ್ನು ಇಳಿಸಿಕೊಳ್ಳುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ್ದು 2019ರ ಜನವರಿ 1ಕ್ಕೆ. ವಿಂಡೋಸ್ 7, 8, 8.1ಕ್ಕೆ 2024ರ ಜನವರಿ 1ಕ್ಕೆ. ಹಾಗಾಗಿ ಹಳೇ ವಿಂಡೋಸ್ ಇರುವವರು ಜಿಒಜಿ ಅಂಗಡಿಯಿಂದ ಕೊಳ್ಳುವುದು ವಾಸಿ. ಅಲ್ಲಿ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಳ್ಳಬಹುದು. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್ ಡ್ರೈವ್‌ನಲ್ಲಿ ತಂದು ಹಾಕಿದರೆ ಆಯಿತು. ಹಳೇ ವಿಂಡೋಸ್ ಇರುವ ಯಂತ್ರವನ್ನು ಇಂಟರ್ನೆಟ್‌ಗೆ ಸೇರಿಸದೇ ಇಡುವುದೂ ಒಳ್ಳೆಯದೇ.

ಮ್ಯಾಕ್ ಇದ್ದವರಿಗೆ ಒಂದು ಮಾತು. 2019ರ ಕ್ಯಾಟಲಿನಾದಿಂದ ಈಚೆಗೆ ಮ್ಯಾಕ್‌ಗಳು 32 ಬಿಟ್ ಪ್ರೋಗ್ರಾಮ್‌ಗಳನ್ನು ಓಡಿಸುವುದಿಲ್ಲ. 2012ರ ಸುಮಾರಿನ ಯಾವುದೇ ಗೇಮ್ ಕೊಳ್ಳುವ ಮೊದಲು ಅಂಗಡಿಯ ಪುಟದಲ್ಲಿ ಈ ಎಚ್ಚರಿಕೆ ಇದೆಯಾ ಅಂತ ನೋಡಿ. ಲಿನಕ್ಸ್‌ಗೆ ಪ್ರತ್ಯೇಕ ಆವೃತ್ತಿಯೇ ಇದೆ. ಅದು ಸರಿಬರದಿದ್ದರೆ ಸ್ಟೀಮ್‌ನ ಪ್ರೋಟಾನ್ ಮೂಲಕ ವಿಂಡೋಸ್ ಆವೃತ್ತಿ ಓಡಿಸಿ ನೋಡಬಹುದು.

ಹಂತ 2: ನಿಮ್ಮ ಕಂಪ್ಯೂಟರಿನಲ್ಲಿ ನಿಜಕ್ಕೂ ಏನಿದೆ?

ಲ್ಯಾಪ್‌ಟಾಪ್ ಮೇಲಿನ ಸ್ಟಿಕ್ಕರ್ ನಂಬಬೇಡಿ. ವಿಂಡೋಸ್ ಕೀ ಮತ್ತು ಆರ್ ಕೀ ಒಟ್ಟಿಗೆ ಒತ್ತಿ. ಬರುವ ಪುಟ್ಟ ಪೆಟ್ಟಿಗೆಯಲ್ಲಿ ಡಿಎಕ್ಸ್‌ಡಯಾಗ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಅಕ್ಷರಗಳು ಡಿ, ಎಕ್ಸ್, ಡಿ, ಐ, ಎ, ಜಿ. ನಡುವೆ ಜಾಗ ಬಿಡಬೇಡಿ. ಎಂಟರ್ ಒತ್ತಿ.

ಮೊದಲ ಪುಟ ಸಿಸ್ಟಮ್. ಪ್ರೊಸೆಸರ್ ಹೆಸರು, ಮೆಮೊರಿ, ಡೈರೆಕ್ಟ್‌ಎಕ್ಸ್ ವರ್ಷನ್ ಇಲ್ಲೇ ಇವೆ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಆಮೇಲೆ ಡಿಸ್ಪ್ಲೇ ಅನ್ನೋ ಪುಟ. ಬಲಗಡೆ ಡ್ರೈವರ್ ವಿವರಗಳಲ್ಲಿ ಫೀಚರ್ ಲೆವೆಲ್ಸ್ ಅಂತ ಒಂದು ಸಾಲು ಇರುತ್ತದೆ. ಶೇಡರ್ ಮಾಡೆಲ್ ಎಷ್ಟು ಅಂತ ಈ ಕಿಟಕಿ ನೇರವಾಗಿ ಹೇಳುವುದಿಲ್ಲ. ಆದರೆ ಆ ಸಾಲಿನಲ್ಲಿ 10_0 ಅಥವಾ ಅದಕ್ಕಿಂತ ಮೇಲಿನ ಅಂಕಿ ಇದ್ದರೆ ನಿಮ್ಮ ಕಾರ್ಡು ಶೇಡರ್ ಮಾಡೆಲ್ 4 ಮುಟ್ಟಿದೆ ಅಂತ ಅರ್ಥ. ಅಂದರೆ 3.0ರ ಪರೀಕ್ಷೆ ಪಾಸ್. 2006ರ ಸುಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದ ಇಂಟೆಲ್ ಜಿಎಂಎ 950 ಇದ್ದರೆ ಇಲ್ಲೇ ನಿಲ್ಲಿಸಿಬಿಡಿ. ಅದು ಶೇಡರ್ ಮಾಡೆಲ್ 2ರವರೆಗೆ ಮಾತ್ರ. ಯಾವ ಸೆಟ್ಟಿಂಗ್ ತಿರುವಿದರೂ ಪ್ರಯೋಜನ ಇಲ್ಲ.

ಡಿಸ್ಪ್ಲೇ ಪುಟ ಎರಡು ಇದ್ದರೆ, ಅಥವಾ ರೆಂಡರ್ ಅಂತ ಇನ್ನೊಂದು ಪುಟ ಇದ್ದರೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುವ ಸಾಧ್ಯತೆ ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ, ಹಂತ 4ರಲ್ಲಿ ಬೇಕಾಗುತ್ತದೆ.

ಹಂತ 3: ಗ್ರಾಫಿಕ್ಸ್ ಕಾರ್ಡಿನ ಅಂಕಿ ಓದುವ ಬಗೆ

ಇಲ್ಲಿ ಎಷ್ಟು ಜನ ಮೋಸ ಹೋಗುತ್ತಾರೆ ಅಂದರೆ, ಸ್ವಲ್ಪ ನಿಧಾನವಾಗಿ ಹೇಳಬೇಕು.

ಪಟ್ಟಿಯಲ್ಲಿ ಜೀಫೋರ್ಸ್ 7600 ಅಂತ ಇದೆ. ನಿಮ್ಮ ಹತ್ತಿರ 8400 ಜಿಎಸ್ ಇದೆ ಅಂದುಕೊಳ್ಳಿ. 8400 ದೊಡ್ಡ ಅಂಕಿ, ಹಾಗಾಗಿ ಓಡಬೇಕು ಅಲ್ವಾ? ಇಲ್ಲ. ಎನ್‌ವಿಡಿಯಾದ ಆ ಕಾಲದ ಹೆಸರುಗಳಲ್ಲಿ ಮೊದಲ ಅಂಕಿ ತಲೆಮಾರು, ಎರಡನೇ ಅಂಕಿ ಅಂತಸ್ತು. 8400 ಅಂದರೆ ಎಂಟನೇ ತಲೆಮಾರಿನ, ಅಗ್ಗದ ಅಂತಸ್ತಿನ ಕಾರ್ಡು. 7600 ಅಂದರೆ ಏಳನೇ ತಲೆಮಾರಿನ ಮಧ್ಯಮ ಅಂತಸ್ತು. ಓಟದಲ್ಲಿ 7600 ಜಿಟಿ ಮುಂದಿರುತ್ತದೆ. 8400 ಜಿಎಸ್‌ಗೆ ಶೇಡರ್ ಮಾಡೆಲ್ ಪರೀಕ್ಷೆ ಪಾಸಾಗುತ್ತದೆ, ಗೇಮ್ ತೆರೆದುಕೊಳ್ಳುತ್ತದೆ, ಆದರೆ ಎರಡು ಪಂಜು ಒಟ್ಟಿಗೆ ಕಂಡರೆ ಏದುಸಿರು. ನಮ್ಮ ಕಡೆ ಆಫೀಸ್ ಕಂಪ್ಯೂಟರುಗಳಲ್ಲಿ ಜಾಸ್ತಿ ಕಾಣುವ ಜೀಫೋರ್ಸ್ 210ದ್ದೂ ಹೆಚ್ಚು ಕಡಿಮೆ ಇದೇ ಕಥೆ. ಜಿಟಿ 710 ಇದ್ದರೆ ಸೆಟ್ಟಿಂಗ್ ಇಳಿಸಿಕೊಂಡು ಆಡಬಹುದು.

ಪೆಟ್ಟಿಗೆ ಮೇಲೆ ದೊಡ್ಡದಾಗಿ 2 ಜಿಬಿ ಅಂತ ಬರೆದಿರುವುದನ್ನೂ ನಂಬಬೇಡಿ. ಗ್ರಾಫಿಕ್ಸ್ ಮೆಮೊರಿ ಅಂದರೆ ಉಗ್ರಾಣ. ಅಡುಗೆಯವನ ಕೈ ನಿಧಾನ ಇದ್ದರೆ ಉಗ್ರಾಣ ಎಷ್ಟು ದೊಡ್ಡದಿದ್ದು ಏನು ಬಂತು?

ಕಾರ್ಡೇ ಇಲ್ಲದ, ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳು ನಮ್ಮಲ್ಲಿ ಜಾಸ್ತಿ. 2012ರ ಇಂಟೆಲ್ ಎಚ್‌ಡಿ 4000ದಿಂದ ಈಚೆಗಿನದು ಇದ್ದರೆ ಧೈರ್ಯವಾಗಿ ಕೊಳ್ಳಿ. ನಾನು ಈ ಗೇಮ್ ಮೊದಲು ಮುಗಿಸಿದ್ದೇ ಅದರಲ್ಲಿ, 1366 ಗುಣಿಲೆ 768 ಚುಕ್ಕಿಗಳ ಸ್ಕ್ರೀನಿನಲ್ಲಿ, ನೆರಳು ಕಡಿಮೆ ಮಾಡಿಕೊಂಡು. ಅದಕ್ಕಿಂತ ಒಂದು ತಲೆಮಾರು ಹಿಂದಿನ ಎಚ್‌ಡಿ 3000 ಇದ್ದರೆ ಎಲ್ಲವನ್ನೂ ಲೋ ಇಟ್ಟು ಪ್ರಯತ್ನಿಸಿ.

ಒಳಗಿನ ಗ್ರಾಫಿಕ್ಸ್ ಇರುವವರಿಗೆ ಒಂದು ಅಗ್ಗದ ಉಪಾಯ ಇದೆ. ಇಂಥ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ, ಸಿಸ್ಟಮ್ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಸಿಂಗಲ್ ಚಾನೆಲ್, ದಾರಿ ಕಿರಿದು. ಅದೇ ಅಳತೆಯ ಇನ್ನೊಂದು ಕಡ್ಡಿ ಹಾಕಿದರೆ ಡ್ಯುಯಲ್ ಚಾನೆಲ್, ದಾರಿ ಎರಡು ಪಟ್ಟು ಅಗಲ. ನನ್ನ ಲ್ಯಾಪ್‌ಟಾಪ್‌ಗೆ ಸೆಕೆಂಡ್ ಹ್ಯಾಂಡ್ 4 ಜಿಬಿ ಕಡ್ಡಿ ಒಂದು ಹಾಕಿದ ಮೇಲೆ ಪಂಜಿನ ಓಣಿಗಳಲ್ಲಿ ಆದ ವ್ಯತ್ಯಾಸ ಕಣ್ಣಿಗೆ ಕಾಣುವಂತಿತ್ತು. ಕೊಳ್ಳುವ ಮೊದಲು ಡಿಡಿಆರ್3 ಬೇಕಾ ಡಿಡಿಆರ್4 ಬೇಕಾ, ಖಾಲಿ ಸ್ಲಾಟ್ ಇದೆಯಾ ಅಂತ ಟಾಸ್ಕ್ ಮ್ಯಾನೇಜರಿನಲ್ಲೂ ಲ್ಯಾಪ್‌ಟಾಪ್‌ನ ಮಾಡೆಲ್ ವಿವರದಲ್ಲೂ ನೋಡಿಕೊಳ್ಳಿ. ನಾನು ಮೊದಲ ಸಲ ನೋಡದೆ ತಂದು, ಸ್ಲಾಟಿಗೆ ಕೂರದೆ, ವಾಪಸ್ ಕೊಡಲು ಹೋದರೆ ಅಂಗಡಿಯವರು ಬಿಲ್ ಹಿಂದಿನ ಸಣ್ಣಕ್ಷರ ತೋರಿಸಿದರು.

ಹಂತ 4: ಕೊಳ್ಳಿ, ಹಾಕಿ, ಸರಿಯಾದ ಚಿಪ್‌ಗೆ ಕಟ್ಟಿ

ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ. ಸೇಲ್ ಬಂದಾಗ ಹಳೇ ಗೇಮ್‌ಗಳ ಬೆಲೆ ಚೆನ್ನಾಗಿ ಇಳಿಯುತ್ತದೆ, ಅವಸರ ಇಲ್ಲದವರು ಕಾಯಿರಿ. ಅನುಮಾನ ಇರುವವರಿಗೆ ಸ್ಟೀಮ್‌ನ ವಾಪಸಾತಿ ನಿಯಮ ವರದಾನ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಮೊದಲ ಎರಡು ಗಂಟೆಯನ್ನು ಪರೀಕ್ಷೆ ಅಂತಲೇ ಇಟ್ಟುಕೊಳ್ಳಿ. ಮೆನುವಿನಲ್ಲಿ ಬಿಟ್ಟು ಊಟಕ್ಕೆ ಎದ್ದು ಹೋಗಬೇಡಿ, ಆ ಗಡಿಯಾರ ಆಗಲೂ ಓಡುತ್ತಿರುತ್ತದೆ.

ಇನ್‌ಸ್ಟಾಲ್ ಆದ ಮೇಲೆ ಕೆಲವರಿಗೆ ಡಿ3ಡಿಎಕ್ಸ್9 ಅಂತ ಶುರುವಾಗುವ ಹೆಸರಿನ ಒಂದು ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲ ಅನ್ನೋ ಸಂದೇಶ ಬರಬಹುದು. "ನನ್ನದು ಡೈರೆಕ್ಟ್‌ಎಕ್ಸ್ 12, ಅದು 9ಕ್ಕಿಂತ ದೊಡ್ಡದಲ್ವಾ" ಅಂತ ತಲೆ ಕೆರೆದುಕೊಳ್ಳಬೇಡಿ. ವಿಂಡೋಸ್ 10, 11ರಲ್ಲಿ ಡೈರೆಕ್ಟ್‌ಎಕ್ಸ್ 9ರ ಮೂಲ ಭಾಗ ಇದೆ, ಆದರೆ ಹಳೇ ಗೇಮ್‌ಗಳು ಬಳಸುವ ಸಹಾಯಕ ಫೈಲುಗಳು ಜೊತೆಗೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಸ್ವಂತ ಜಾಲತಾಣದಲ್ಲಿ ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್, ಜೂನ್ 2010 ಅಂತ ಹುಡುಕಿ ಅದನ್ನು ಹಾಕಿ. ಡಿಎಲ್‌ಎಲ್ ಫೈಲನ್ನು ಬಿಡಿಯಾಗಿ ಕೊಡುತ್ತೇವೆ ಅನ್ನುವ ಸೈಟುಗಳ ಕಡೆ ತಲೆ ಹಾಕಬೇಡಿ. ಅಲ್ಲಿಂದ ಬರುವುದು ಒಂದು ಫೈಲ್ ಮಾತ್ರ ಆಗಿರುವುದಿಲ್ಲ.

ಇನ್ನು ಎರಡು ಚಿಪ್ ಇರುವ ಲ್ಯಾಪ್‌ಟಾಪ್. ಅಕ್ಕನ ಮಗನದ್ದು ಇದೇ ಕೇಸು. ಎನ್‌ವಿಡಿಯಾ ಕಾರ್ಡು ಒಳಗೆ ನಿದ್ದೆ ಹೊಡೆಯುತ್ತಿತ್ತು, ಗೇಮ್ ಇಂಟೆಲ್ ಚಿಪ್ ಮೇಲೆ ಓಡುತ್ತಿತ್ತು. ಬ್ಯಾಟರಿ ಉಳಿಸಲು ವಿಂಡೋಸ್ ಹಾಗೆ ಮಾಡುತ್ತದೆ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಡಿಸ್ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ. ಗೇಮಿನ ಫೋಲ್ಡರಿನಲ್ಲಿರುವ ಇಎಕ್ಸ್‌ಇ ಫೈಲನ್ನು ಪಟ್ಟಿಗೆ ಸೇರಿಸಿ, ಆಪ್ಷನ್ಸ್ ಒತ್ತಿ ಹೈ ಪರ್ಫಾರ್ಮೆನ್ಸ್ ಆರಿಸಿ. ಅವನ ಐ7 ಆಮೇಲೆ ಬಾಯಿ ಬಿಡಲಿಲ್ಲ.

ಚಾರ್ಜರ್ ಹಾಕಿಕೊಂಡೇ ಆಡಿ. ಬ್ಯಾಟರಿ ಮೇಲಿದ್ದಾಗ ಹೆಚ್ಚಿನ ಲ್ಯಾಪ್‌ಟಾಪ್‌ಗಳು ವೇಗ ಇಳಿಸಿಕೊಳ್ಳುತ್ತವೆ. ಬಿಸಿಯಾದರೂ ಅದೇ. ಹಾಸಿಗೆ ಮೇಲೆ ಇಟ್ಟರೆ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಂಥ ಕಡೆ ಮಧ್ಯಾಹ್ನ ಕೂತು ಆಡುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗಟ್ಟಿ ಮೇಜಿನ ಮೇಲಿಡಿ, ಹಿಂದೆ ಎರಡು ಪುಸ್ತಕ ಕೊಟ್ಟು ಸ್ವಲ್ಪ ಎತ್ತಿ.

ಇನ್ನೊಂದು, ಕನ್ನಡದಲ್ಲಿ ವಿಂಡೋಸ್ ಬಳಸುವವರಿಗೆ. ಯೂಸರ್ ಫೋಲ್ಡರಿನ ಹೆಸರು ಕನ್ನಡ ಅಕ್ಷರದಲ್ಲಿದ್ದರೆ ಎಷ್ಟೋ ಹಳೇ ಗೇಮ್‌ಗಳು ಸೇವ್ ಮಾಡುವಾಗ ಎಡವುತ್ತವೆ. ಅಂಥ ತೊಂದರೆ ಕಂಡರೆ ಇಂಗ್ಲಿಷ್ ಹೆಸರಿನ ಇನ್ನೊಂದು ಯೂಸರ್ ಖಾತೆ ತೆರೆದು ಅದರಲ್ಲಿ ಆಡಿ. ಆಡುವಾಗ ಕೀಬೋರ್ಡನ್ನೂ ಇಂಗ್ಲಿಷ್‌ಗೆ ತಿರುಗಿಸಿಟ್ಟುಕೊಳ್ಳಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಸಾಕು.

ಹಂತ 5: ನೆರಳು ಇಳಿಸಿ, ಟೆಕ್ಸ್ಚರ್ ಮುಟ್ಟಬೇಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಮಾತು ನೆನಪಿಡಬೇಕು ಅಂದರೆ ಮೇಲಿನ ಸಾಲು.

ಗೇಮ್ ತಡವರಿಸಿದರೆ ಎಲ್ಲರೂ ಮಾಡುವ ಕೆಲಸ, ಇರುವ ಆಯ್ಕೆಗಳನ್ನೆಲ್ಲ ಲೋ ಮಾಡುವುದು. ಬೇಡ. ಒಂದೊಂದು ಆಯ್ಕೆ ಒಂದೊಂದು ಕಡೆ ಭಾರ ಹಾಕುತ್ತದೆ.

ನೆರಳು ಯಾಕೆ ಅಷ್ಟು ಭಾರ? ಸೂರ್ಯನ ಬೆಳಕು ಒಂದೇ ದಿಕ್ಕಿನಿಂದ ಬರುತ್ತದೆ. ಪಂಜಿನ ಬೆಳಕು ಹಾಗಲ್ಲ, ನಡುವೆ ಕೂತು ಎಲ್ಲಾ ಕಡೆ ಚೆಲ್ಲುತ್ತದೆ. ಇಂಥ ಬೆಳಕಿಗೆ ನೆರಳು ಮೂಡಿಸಲು ಸಾಮಾನ್ಯವಾಗಿ ಕಂಪ್ಯೂಟರ್ ಪಂಜಿನ ಜಾಗದಲ್ಲಿ ನಿಂತು ಮೇಲೆ, ಕೆಳಗೆ, ಹಿಂದೆ, ಮುಂದೆ, ಎಡ, ಬಲ ಅಂತ ಆರು ಕಡೆ ನೋಡಿ ದೃಶ್ಯವನ್ನು ಬರೆಯಬೇಕು. ಎರಡು ಪಂಜು ಇದ್ದರೆ ಹನ್ನೆರಡು ಸಲ. ಅದೂ ಸೆಕೆಂಡಿಗೆ ಹತ್ತಾರು ಬಾರಿ. ಕತ್ತಲ ಮೂಲೆಯಲ್ಲಿ ಹಗುರವಾಗಿ ಓಡಿದ ಗೇಮ್ ಪಂಜಿನ ಓಣಿಯಲ್ಲಿ ಕುಂಟಿದ್ದು ಇದಕ್ಕೇ. ಆಪ್ಷನ್ಸ್‌ಗೆ ಹೋಗಿ ಮೊದಲು ಶ್ಯಾಡೋ ಕ್ವಾಲಿಟಿಯನ್ನು ಒಂದು ಮೆಟ್ಟಿಲು ಇಳಿಸಿ. ಎರಡನೆಯದು ಎಸ್‌ಎಸ್‌ಎಒ. ಮೂಲೆ ಸಂದಿಗಳಲ್ಲಿ ಮೆತ್ತಗೆ ಕಪ್ಪು ಕೂರಿಸುವ ಕೆಲಸ ಅದರದ್ದು, ಚಂದವೇ, ಆದರೆ ದುಬಾರಿ. ಸಣ್ಣ ಚಿಪ್ ಇದ್ದರೆ ಪೂರ್ತಿ ಆಫ್ ಮಾಡಿ.

ಟೆಕ್ಸ್ಚರ್ ರೆಸಲ್ಯೂಷನ್ ಅಂದರೆ ಗೋಡೆಗೆ ಅಂಟಿಸಿದ ಚಿತ್ರದ ಸೂಕ್ಷ್ಮತೆ. ಇದು ತಿನ್ನುವುದು ಮೆಮೊರಿಯನ್ನು, ವೇಗವನ್ನು ಅಷ್ಟಾಗಿ ಅಲ್ಲ. ಇದನ್ನು ಇಳಿಸಿದರೆ ಕಲ್ಲುಗಳೆಲ್ಲ ಕಲಸಿದ ಸಗಣಿಯ ಹಾಗೆ ಕಾಣುತ್ತವೆ. ಅಂದಚಂದದ ಪ್ರಶ್ನೆ ಆದರೆ ಬಿಡಬಹುದಿತ್ತು. ಆದರೆ ಈ ಗೇಮಿನಲ್ಲಿ ಗೋಡೆಯ ಮೇಲೆ ಬೆರಳ ತುದಿಯಷ್ಟು ಕಲ್ಲಿನ ಗುಂಡಿಗಳು ಅಡಗಿರುತ್ತವೆ. ಒತ್ತಿದರೆ ಗೋಡೆ ಕೆಳಗಿಳಿದು ಗುಪ್ತ ಕೋಣೆ ತೆರೆಯುತ್ತದೆ, ಒಳ್ಳೆಯ ಕತ್ತಿಯೋ ಗುರಾಣಿಯೋ ಸಿಗುತ್ತದೆ. ಗೋಡೆ ಮಸುಕಾದರೆ ಆ ಗುಂಡಿ ಹೋಯಿತು. ನೆರಳು ಇಲ್ಲದೆ ಆಡಬಹುದು, ಗುಂಡಿ ಕಾಣದೆ ಕಷ್ಟ.

ಇಷ್ಟಕ್ಕೂ ಸರಿ ಹೋಗದಿದ್ದರೆ ಸ್ಕ್ರೀನ್ ರೆಸಲ್ಯೂಷನ್ ಇಳಿಸಿ. 1920 ಗುಣಿಲೆ 1080 ಅಂದರೆ ಸುಮಾರು 20 ಲಕ್ಷ ಚುಕ್ಕಿ, 1366 ಗುಣಿಲೆ 768 ಅಂದರೆ ಸುಮಾರು ಹತ್ತೂವರೆ ಲಕ್ಷ. ಅರ್ಧದಷ್ಟು ಕೆಲಸ ಕಡಿಮೆ ಆಯಿತು. ವರ್ಟಿಕಲ್ ಸಿಂಕ್ ಆನ್ ಇದ್ದರೆ ಚಿತ್ರ ಅಡ್ಡಡ್ಡ ಸೀಳಿದ ಹಾಗೆ ಕಾಣುವುದಿಲ್ಲ, ಆದರೆ ನಿಧಾನ ಕಂಪ್ಯೂಟರಿನಲ್ಲಿ ಕೀ ಒತ್ತಿದ್ದಕ್ಕೂ ಹೆಜ್ಜೆ ಬಿದ್ದದ್ದಕ್ಕೂ ನಡುವೆ ಎಳೆತ ಕಾಣುತ್ತದೆ. ಇಲ್ಲಿ ಹೋರಾಟ ಹೆಜ್ಜೆಯದ್ದೇ, ಹಾಗಾಗಿ ಎರಡೂ ರೀತಿ ಆಡಿ ನೋಡಿ ನಿರ್ಧರಿಸಿ.

ಯಾವುದೋ ಸೆಟ್ಟಿಂಗ್ ಬದಲಿಸಿ ಸ್ಕ್ರೀನ್ ಕಪ್ಪಾಗಿ ಕೂತಿತಾ? ಗಾಬರಿ ಬೇಡ. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಆಲ್ಮೋಸ್ಟ್ ಹ್ಯೂಮನ್ ಅಂತ ಒಂದು ಫೋಲ್ಡರ್, ಅದರೊಳಗೆ ಗೇಮಿನ ಹೆಸರಿನದ್ದು. ಅಲ್ಲಿ ಗ್ರಿಮ್‌ರಾಕ್ ಹೆಸರಿನ ಸಿಎಫ್‌ಜಿ ಫೈಲ್ ಇದೆ. ಅದನ್ನು ಬೇರೆ ಕಡೆ ಸರಿಸಿ ಗೇಮ್ ಶುರು ಮಾಡಿದರೆ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಸೇವ್ ಫೈಲುಗಳೂ ಇದೇ ಫೋಲ್ಡರಿನಲ್ಲಿ ಇರುವುದರಿಂದ ಅದನ್ನು ಆಗಾಗ ಪೆನ್ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಡಾಕ್ಯುಮೆಂಟ್ಸ್ ಅನ್ನು ಒನ್‌ಡ್ರೈವ್ ನೋಡಿಕೊಳ್ಳುತ್ತಿದ್ದರೆ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿರಬಹುದು, ಅಲ್ಲಿ ಹುಡುಕಿ.

ಹಂತ 6: ತಂಡ ಕಟ್ಟಿ, ಪುಸ್ತಕ ತನ್ನಿ

ಒಂದು ಮೌಸ್ ಕೊಳ್ಳಿ. ಈ ಗೇಮ್ ಟಚ್‌ಪ್ಯಾಡ್‌ಗೆ ಅಲ್ಲ. ಡಬ್ಲ್ಯು, ಎ, ಎಸ್, ಡಿ ಕೀಗಳಲ್ಲಿ ಮುಂದೆ, ಎಡಕ್ಕೆ, ಹಿಂದೆ, ಬಲಕ್ಕೆ ಸರಿಯುತ್ತೀರಿ. ಕ್ಯು ಮತ್ತು ಇ ತಿರುಗಲು. ಹೊಡೆಯಬೇಕಾದರೆ ಆ ಪಾತ್ರದ ಕೈಯಲ್ಲಿರುವ ಆಯುಧದ ಮೇಲೆ ಬಲ ಕ್ಲಿಕ್. ಎಡಗೈಯಲ್ಲಿ ಹೆಜ್ಜೆ, ಬಲಗೈಯಲ್ಲಿ ಏಟು, ಎರಡೂ ಒಟ್ಟಿಗೆ ನಡೆಯಬೇಕು.

ಪಾತ್ರಗಳಲ್ಲಿ ಮನುಷ್ಯ, ಗೂಳಿ ತಲೆಯ ಮಿನೋಟಾರ್, ಹಲ್ಲಿಯಂಥವನು, ಕೀಟದಂಥವನು ಅಂತ ನಾಲ್ಕು ಜಾತಿ. ಕಸುಬು ಮೂರು: ಫೈಟರ್ ಅಂದರೆ ಹೋರಾಟಗಾರ, ರೋಗ್ ಅಂದರೆ ಚುರುಕು ಕೈಯ ಕಳ್ಳ, ಮೇಜ್ ಅಂದರೆ ಮಂತ್ರವಾದಿ. ಮೊದಲ ಸಲ ಆಡುವವರು ಮುಂದಿನ ಸಾಲಿಗೆ ಇಬ್ಬರು ಫೈಟರ್ ಇಡಿ. ಅದರಲ್ಲೊಬ್ಬ ಮಿನೋಟಾರ್ ಇರಲಿ, ಏಟು ತಡೆಯುತ್ತಾನೆ. ಊಟ ಮಾತ್ರ ಜಾಸ್ತಿ. ಹಿಂದಿನ ಸಾಲಿಗೆ ಎಸೆಯುವ ಆಯುಧ ಅಥವಾ ಬಿಲ್ಲು ಹಿಡಿದ ರೋಗ್, ಜೊತೆಗೆ ಒಬ್ಬ ಮೇಜ್. ಮೇಜ್‌ಗೆ ಸಿಗುವ ಅಂಕಗಳನ್ನು ಮೊದಲಿಗೆ ಫೈರ್ ಮ್ಯಾಜಿಕ್‌ಗೆ ಸುರಿಯಿರಿ. ಮಂತ್ರ ಹಾಕುವುದು ಅಂದರೆ ಮೂರು ಗುಣಿಲೆ ಮೂರರ ಮನೆಯಲ್ಲಿರುವ ಒಂಬತ್ತು ರೂನ್‌ಗಳಲ್ಲಿ, ಅಂದರೆ ಮಂತ್ರದ ಚಿಹ್ನೆಗಳಲ್ಲಿ, ಸರಿಯಾದವನ್ನು ಒತ್ತುವುದು, ಅದೂ ರಾಕ್ಷಸ ಮೈಮೇಲೆ ಬರುತ್ತಿರುವಾಗ. ಬೆಂಕಿಯ ಮೊದಲ ಮಂತ್ರಕ್ಕೆ ಒಂದೇ ರೂನ್ ಸಾಕು. ಅದಕ್ಕೇ ಹೊಸಬರಿಗೆ ಅದು ಅನುಕೂಲ.

ಶುರು ಮಾಡುವಾಗ ಓಲ್ಡ್ ಸ್ಕೂಲ್ ಮೋಡ್ ಅಂತ ಒಂದು ಆಯ್ಕೆ ಕಾಣುತ್ತದೆ. ಅದನ್ನು ಆರಿಸಿದರೆ ಮ್ಯಾಪ್ ತಾನಾಗಿ ಬರೆದುಕೊಳ್ಳುವುದಿಲ್ಲ, ನೀವೇ ಬರೆಯಬೇಕು. ಎಲ್ಲರಿಗೂ ಹೇಳಿಮಾಡಿಸಿದ್ದಲ್ಲ, ಆದರೆ ನನ್ನ ಮಟ್ಟಿಗೆ ಗೇಮಿನ ಅರ್ಧ ರುಚಿ ಅಲ್ಲೇ ಇದೆ. ಪ್ರತಿ ಅಂತಸ್ತು ಹೆಚ್ಚೆಂದರೆ 32 ಗುಣಿಲೆ 32 ಚೌಕ. ಶಾಲಾ ಮಕ್ಕಳ ದೊಡ್ಡ ಚೌಕದ ಲೆಕ್ಕದ ಪುಸ್ತಕದಲ್ಲಿ ಅದು ಹಿಡಿಸುವುದಿಲ್ಲ, ನಾನು ತಂದು ಪೇಚಾಡಿದ್ದೇನೆ. 5 ಮಿಲಿಮೀಟರ್ ಚೌಕದ ಎ4 ಹಾಳೆ ತನ್ನಿ. 32 ಚೌಕಕ್ಕೆ 16 ಸೆಂಟಿಮೀಟರ್ ಆಯಿತು, ಪಕ್ಕದಲ್ಲಿ ಟಿಪ್ಪಣಿಗೆ ಜಾಗವೂ ಉಳಿಯಿತು. ಪೆನ್ನು ಬೇಡ, ಪೆನ್ಸಿಲ್ಲು ರಬ್ಬರು ಇರಲಿ. ಬಾಗಿಲಿಗೆ ಒಂದು ಗೆರೆ, ಹಳ್ಳಕ್ಕೆ ಸೊನ್ನೆ, ಅನುಮಾನದ ಗೋಡೆಗೆ ಪ್ರಶ್ನಾರ್ಥಕ.

ಹಂತ 7: ಮೊದಲ ಅರ್ಧ ಗಂಟೆ

ಕಣ್ಣು ಬಿಟ್ಟಾಗ ನಾಲ್ವರೂ ಬರಿಗೈ. ಗೋಡೆಯ ಕೊಂಡಿಯಲ್ಲಿರುವ ಪಂಜನ್ನು ಕಿತ್ತು ಒಬ್ಬನ ಕೈಗೆ ಕೊಡಿ. ಕೈಯಲ್ಲಿ ಹಿಡಿದ ಪಂಜು ಉರಿದು ಉರಿದು ಮುಗಿಯುತ್ತದೆ, ಹಾಗಾಗಿ ದಾರಿಯಲ್ಲಿ ಸಿಕ್ಕಿದ್ದನ್ನು ಚೀಲಕ್ಕೆ ಹಾಕುತ್ತಾ ಹೋಗಿ. ಆದರೆ ಕಿತ್ತ ಮೇಲೆ ಒಂದು ಕ್ಷಣ ನಿಂತು ಕಿವಿಗೊಡಿ. ಕೆಲವು ಕಡೆ ಪಂಜು ತೆಗೆಯುವುದು, ಇಡುವುದೇ ಒಗಟು. ಎಲ್ಲೋ ಕಲ್ಲು ಸರಿದ ಸದ್ದು ಬಂದರೆ ಹಿಂದಕ್ಕೆ ಹೋಗಿ ನೋಡಿ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಮೂಲೆಯಾಚೆ ಏನು ಹರಿದು ಬರುತ್ತಿದೆ ಅಂತ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಮೊದಲ ಶತ್ರು ನಾಯಿ ಗಾತ್ರದ ಬಸವನಹುಳು. ನಗಬೇಡಿ. ಎದುರು ನಿಂತು ಗುದ್ದಾಡಿದರೆ ಅದೂ ಸಾಯಿಸುತ್ತದೆ. ಹೀಗೆ ಮಾಡಿ. ಅಗಲವಾದ ಜಾಗಕ್ಕೆ ಅದನ್ನು ಎಳೆದು ತನ್ನಿ, ಕನಿಷ್ಠ ಎರಡು ಗುಣಿಲೆ ಎರಡು ಚೌಕ ಖಾಲಿ ಇರಬೇಕು. ಅದು ಎದುರಿನ ಚೌಕಕ್ಕೆ ಬಂದ ಕೂಡಲೇ ಇಬ್ಬರೂ ಫೈಟರ್‌ಗಳಿಂದ ಒಂದೊಂದು ಏಟು. ಅದು ತಿರುಗಿ ಹೊಡೆಯುವಷ್ಟರಲ್ಲಿ ಡಿ ಒತ್ತಿ ಬಲಕ್ಕೆ ಸರಿಯಿರಿ, ಕ್ಯು ಒತ್ತಿ ಎಡಕ್ಕೆ ತಿರುಗಿ. ನೀವು ಬಿಟ್ಟ ಚೌಕಕ್ಕೆ ಅದು ಬಂದ ಕೂಡಲೇ ಅದರ ಪಕ್ಕೆ ನಿಮ್ಮ ಮುಂದೆ. ಮತ್ತೆ ಏಟು, ಮತ್ತೆ ಸರಿಯುವುದು. ಆಯುಧಕ್ಕೆ ಏಟಿನ ನಂತರ ಸ್ವಲ್ಪ ಬಿಡುವು ಬೇಕು, ಆ ಬಿಡುವಿನಲ್ಲೇ ಹೆಜ್ಜೆ. ಲಯ ಸಿಕ್ಕಿತು ಅಂದರೆ ಒಂದು ಗೀರೂ ಆಗದೆ ಹೊಡೆಯಬಹುದು.

ಈಗ ಗೊತ್ತಾಯಿತಲ್ಲ, ಚಿತ್ರ ತಡವರಿಸಿದರೆ ಯಾಕೆ ಆಗುವುದಿಲ್ಲ ಅಂತ. ಅರ್ಧ ಸೆಕೆಂಡು ತಡವಾದರೆ ಹೆಜ್ಜೆ ತಪ್ಪಿತು, ಏಟು ಬಿತ್ತು. ನಿಂತ ಚಿತ್ರದಲ್ಲಿ ಅಷ್ಟಾಗಿ ಗೊತ್ತಾಗದ ತಡ ಇಲ್ಲಿ ಗೊತ್ತಾಗುತ್ತದೆ. ಹಾಗಾಗಿ ಸೆಟ್ಟಿಂಗ್ ಸರಿಯಾಯಿತಾ ಅಂತ ಪರೀಕ್ಷಿಸಲು ನಾನು ನೋಡುವುದು ಎರಡೇ. ಪಂಜಿನ ಓಣಿಯಲ್ಲಿ ನಿಂತು ಸುತ್ತ ತಿರುಗುವುದು, ಮತ್ತು ಈ ಬಸವನಹುಳು. ಎರಡರಲ್ಲೂ ಕೈ ಕಣ್ಣು ಒಟ್ಟಿಗೆ ನಡೆದರೆ ಮುಂದಿನ ಅಂತಸ್ತುಗಳಿಗೆ ಇಳಿಯಬಹುದು.

ಗಾಯವಾದರೆ ನೀಲಿ ಹರಳು ಹುಡುಕಿ. ಮುಟ್ಟಿದರೆ ನಾಲ್ವರ ಗಾಯವೂ ಮಾಯುತ್ತದೆ, ಸತ್ತವನೂ ಎದ್ದು ಕೂರುತ್ತಾನೆ. ನಿಮ್ಮ ಹಾಳೆಯ ಮೇಲೆ ಅದರ ಜಾಗವನ್ನು ದಪ್ಪಗೆ ಗುರುತು ಹಾಕಿಕೊಳ್ಳಿ, ಓಡಿ ಬರುವಾಗ ಹುಡುಕುತ್ತಾ ಕೂರಲು ಸಮಯ ಇರುವುದಿಲ್ಲ.

ಅಕ್ಕನ ಮಗ ಈಗ ನಾಲ್ಕನೇ ಅಂತಸ್ತಿನಲ್ಲಿದ್ದಾನೆ. ನಿನ್ನೆ ಫೋನ್ ಮಾಡಿ ಕೇಳಿದ, "ಮಾಮಾ, ಎ4 ಹಾಳೆ ಇನ್ನೂ ಇದೆಯಾ?"